ಬರೆಯುವ ದಿನ ಬೇರೆ, ಪ್ರಕಟಿಸುವ ದಿನ ಬೇರೆ

(ವಿಜಯಪುರದಲ್ಲಿ ಸಣ್ಣ ವೆಬ್‌ಸೈಟುಗಳನ್ನು ನಡೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಬರುವ ಮುಂಚೆ ನಿಮ್ಮಲ್ಲಿ ಕೆಲವರ ವೆಬ್‌ಸೈಟುಗಳನ್ನು ತೆರೆದು ನೋಡಿದೆ. ಶಾಲೆಯದ್ದು ಇದೆ, ಒಣದ್ರಾಕ್ಷಿ ಮಾರುವವರದ್ದು ಇದೆ, ಇಳಕಲ್ ಸೀರೆಯದ್ದು ಇದೆ, ತಮ್ಮ ಊರಿನ ಇತಿಹಾಸ ಬರೆಯುವವರದ್ದೂ ಇದೆ. ವಿಷಯ ಬೇರೆ ಬೇರೆ. ಆದರೆ ಬಹಳ ಕಡೆ ನಡೆದಿರುವುದು ಒಂದೇ. ಮೊದಲ ತಿಂಗಳಲ್ಲಿ ಸಾಲು ಸಾಲು ಲೇಖನ. ಆಮೇಲೆ ತಿಂಗಳಿಗೊಂದು. ಆಮೇಲೆ ಯುಗಾದಿಗೊಂದು ಶುಭಾಶಯ. ಆಮೇಲೆ ಏನೂ ಇಲ್ಲ.

ಯಾಕೆ ಹೀಗಾಗುತ್ತದೆ? ಬರೆಯುವವರು ಸೋಮಾರಿಗಳು ಅಂತ ಅಲ್ಲ. ಬರೆದ ತಕ್ಷಣ ಪ್ರಕಟಿಸಿಬಿಡುತ್ತೇವೆ, ಅದಕ್ಕೆ. ಉತ್ಸಾಹ ಇದ್ದ ವಾರದಲ್ಲಿ ಐದು ಲೇಖನ ಬರೆಯುತ್ತೇವೆ, ಐದನ್ನೂ ಅದೇ ವಾರ ಹಾಕುತ್ತೇವೆ. ಮುಂದೆ ಮನೆಯಲ್ಲಿ ಮದುವೆ ಬರುತ್ತದೆ, ಪರೀಕ್ಷೆ ಬರುತ್ತದೆ, ಸುಗ್ಗಿ ಬರುತ್ತದೆ. ಆಗ ಹಾಕಲು ಕೈಯಲ್ಲಿ ಒಂದೂ ಇರುವುದಿಲ್ಲ. ಅದೇ ಐದು ಲೇಖನ ವಾರಕ್ಕೊಂದರಂತೆ ಬಂದಿದ್ದರೆ ಒಂದು ತಿಂಗಳಿಗೂ ಜಾಸ್ತಿ ನಡೆಯುತ್ತಿತ್ತು, ಅಲ್ವಾ? ಬರೆಯುವ ದಿನವನ್ನೂ ಪ್ರಕಟಿಸುವ ದಿನವನ್ನೂ ಬೇರೆ ಮಾಡಿ. ಇವತ್ತು ನಾನು ಹೇಳಬೇಕಾದದ್ದು ಇದೇ.

ಓದುವವರ ಕಡೆಯಿಂದ ನೋಡಿ. ಸೋಲಾಪುರದ ಒಬ್ಬ ವ್ಯಾಪಾರಿ ತಿಕೋಟಾದ ಒಣದ್ರಾಕ್ಷಿ ಹುಡುಕುತ್ತಾ ನಿಮ್ಮ ಸೈಟಿಗೆ ಬರುತ್ತಾನೆ. ಕೊನೆಯ ಬರಹ ಮೂರು ವರ್ಷದ ಹಿಂದಿನದು. ಫೋನ್ ನಂಬರ್ ಸರಿ ಇದ್ದರೂ ಅವನು ಫೋನ್ ಮಾಡುವುದಿಲ್ಲ. ಇವರು ಈಗ ವ್ಯಾಪಾರದಲ್ಲಿ ಇದ್ದಾರೋ ಇಲ್ಲವೋ ಎಂಬ ಅನುಮಾನ ಅವನಿಗೆ. ನಮ್ಮ ಜಿಲ್ಲೆಯ ಬಗ್ಗೆ ಬರೆಯುವ ಸೈಟು ನಮ್ಮದೂ ಒಂದಿದೆ. ಒಂದು ಸಲ ಸ್ವಲ್ಪ ದಿನ ಏನೂ ಬರದೇ ಇದ್ದಾಗ ಓದುಗರೊಬ್ಬರು ಫೋನ್ ಮಾಡಿ ಕೇಳಿದ್ದು ಇಷ್ಟೇ: "ಏನ್ರಿ ಸರ್, ಬಂದ್ ಮಾಡೀರೇನು?" ಅವರು ಕಾಯುತ್ತಿದ್ದರು ಅಂತ ನನಗೆ ಗೊತ್ತಾಗಿದ್ದೇ ಆಗ.

ಇದೇ ಊರಿನಲ್ಲಿ ಫ. ಗು. ಹಳಕಟ್ಟಿಯವರು 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ವಚನಗಳ ತಾಳೆಗರಿ, ಕೈಬರಹದ ಕಟ್ಟುಗಳನ್ನು ಹುಡುಕಿ ತಂದು, ಓದಿ, ತಿದ್ದಿ, ಅಚ್ಚು ಮಾಡಿದರು. ಅಚ್ಚುಕೂಟಕ್ಕೆ ದುಡ್ಡು ಸಾಲದೆ ಮನೆಯನ್ನೇ ಮಾರಿದರು. ಹಿತಚಿಂತಕ ಅಚ್ಚುಕೂಟ ಹಾಗೆ ಬಂದದ್ದು. ಪತ್ರಿಕೆ ಅಂದಮೇಲೆ ಸಂಚಿಕೆ ಬರಬೇಕು. ಸಂಪಾದಕರಿಗೆ ಹುಷಾರಿಲ್ಲ, ಕಾಗದ ಬಂದಿಲ್ಲ, ಮೊಳೆ ಜೋಡಿಸುವವರು ರಜೆ ಹಾಕಿದ್ದಾರೆ, ಇದೆಲ್ಲ ಓದುಗರಿಗೆ ಸಂಬಂಧವಿಲ್ಲ. ಹಾಗಾಗಿ ಪತ್ರಿಕೆ ನಡೆಸುವವರ ಹತ್ತಿರ ಮುಂದಿನ ಸಂಚಿಕೆಯ ಬರಹ ಯಾವಾಗಲೂ ಸಿದ್ಧ ಇರಲೇಬೇಕು. ನಮಗೆ ಮೊಳೆ ಜೋಡಿಸುವ ಕೆಲಸ ಇಲ್ಲ, ಕಾಗದ ಇಲ್ಲ, ಅಂಚೆ ಇಲ್ಲ. ಪರದೆಯ ಬದಿಯಲ್ಲಿ ದಿನಾಂಕದ ಒಂದು ಪೆಟ್ಟಿಗೆ ಇದೆ. ಅಲ್ಲಿ ಮುಂದಿನ ತಾರೀಖು ಕೊಟ್ಟಿಟ್ಟರೆ ಲೇಖನ ಆ ದಿನ ತಾನಾಗಿ ಪ್ರಕಟವಾಗುತ್ತದೆ. ಅದನ್ನು ಬಳಸಿಕೊಳ್ಳದೆ ಇರುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಎಲ್ಲ ಬರಹವನ್ನೂ ಮೊದಲೇ ಬರೆದಿಡಲು ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಕಡಕ್ ರೊಟ್ಟಿ ಬಡಿದು ಬುಟ್ಟಿಯಲ್ಲಿ ಪೇರಿಸಿ ಇಡುತ್ತಾರೆ, ಪಲ್ಯ ಮಾತ್ರ ಅವತ್ತೇ ಮಾಡುತ್ತಾರೆ. ಬರಹದಲ್ಲೂ ಈ ಎರಡು ಜಾತಿ ಇವೆ. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ. ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದರು. ಪಟ್ಟದಕಲ್ಲು 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಇವು ಮುಂದಿನ ತಿಂಗಳೂ ಹೀಗೇ ಇರುತ್ತವೆ. ಗೋಳಗುಮ್ಮಟದಲ್ಲಿ ಪಿಸುಮಾತು ಗೋಡೆ ಹಿಡಿದು ಆ ಕಡೆಗೆ ಹೇಗೆ ಹೋಗುತ್ತದೆ ಅಂತ ಇವತ್ತು ಬರೆದು ಆರು ತಿಂಗಳು ಬಿಟ್ಟು ಹಾಕಿದರೂ ಒಂದಕ್ಷರ ಬದಲಾಗುವುದಿಲ್ಲ.

ಆದರೆ ಆಲಮಟ್ಟಿಯಿಂದ ಇವತ್ತು ಎಷ್ಟು ಕ್ಯೂಸೆಕ್ ನೀರು ಬಿಟ್ಟರು ಎಂಬುದು ಹಾಗಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಗಂಟೆ ಗಂಟೆಗೆ ಲೆಕ್ಕ ಬದಲಾಗುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಏರಿದಾಗ ಬೆಳಗಾವಿ, ಬಾಗಲಕೋಟೆ ಕಡೆಯವರು ಬೆಳಗ್ಗೆಯ ಮಾಹಿತಿಯನ್ನು ಮಧ್ಯಾಹ್ನ ನಂಬುವ ಹಾಗೆ ಇರಲಿಲ್ಲ. ಮಾರುಕಟ್ಟೆ ದರ, ಪರೀಕ್ಷೆಯ ವೇಳಾಪಟ್ಟಿ, ಹವಾಮಾನ ಇವೂ ಇದೇ ಸಾಲಿನವು. ಇವನ್ನು ಶೆಡ್ಯೂಲ್ ಮಾಡಬೇಡಿ, ಅಂದರೆ ಮುಂದಿನ ತಾರೀಖು ಕೊಟ್ಟು ಇಡಬೇಡಿ. ಇನ್ನೊಂದು ಮಾತು: ಇವಕ್ಕೆ ಸಮಯ ಸಿಗಬೇಕು ಅಂತಲೇ ಉಳಿದದ್ದನ್ನು ಮೊದಲೇ ಬರೆದಿಡುವುದು. ನೆರೆ ಬಂದ ವಾರ ನೀವು ಗುಹೆಯ ಲೇಖನ ತಿದ್ದುತ್ತಾ ಕೂರಬಾರದು. ಗುಹೆಯ ಲೇಖನ ತಾನಾಗಿ ಬರಲಿ. ನಿಮ್ಮ ಕೈ ನೆರೆಯ ಮಾಹಿತಿಗೆ ಖಾಲಿ ಇರಲಿ.

ಈಗ ಕ್ಯಾಲೆಂಡರ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ತೊಂದರೆ ಆಗುವುದು ಇಲ್ಲೇ.

ಕೆಲವು ದಿನ ಇಂಗ್ಲಿಷ್ ತಾರೀಖಿಗೆ ಕಟ್ಟಿಕೊಂಡಿವೆ. ಜುಲೈ 2 ಹಳಕಟ್ಟಿಯವರು ಹುಟ್ಟಿದ ದಿನ. ಅಕ್ಟೋಬರ್ 23 ಕಿತ್ತೂರಿನ ವಿಜಯದ ದಿನ, 1824ರದ್ದು. ನವೆಂಬರ್ 1 ರಾಜ್ಯೋತ್ಸವ. ನಮ್ಮ ಊರು ಬಿಜಾಪುರ ಹೋಗಿ ಅಧಿಕೃತವಾಗಿ ವಿಜಯಪುರ ಆದದ್ದೂ 2014ರ ಅದೇ ತಾರೀಖಿಗೆ. ಸಂಕ್ರಾಂತಿ ಸೂರ್ಯನ ಲೆಕ್ಕದ್ದು, ಜನವರಿ 14 ಇಲ್ಲವೇ 15. ಹಾಗಾಗಿ ಸಂಕ್ರಾಂತಿ ಹೊತ್ತಿನ ನಮ್ಮ ಸಿದ್ಧೇಶ್ವರ ಜಾತ್ರೆಗೂ ಕಣ್ಣು ಮುಚ್ಚಿ ಜನವರಿ ಎನ್ನಬಹುದು.

ಉಳಿದವು ಚಂದ್ರನ ಲೆಕ್ಕದವು. ಬಾದಾಮಿ ಬನಶಂಕರಿ ಜಾತ್ರೆಯನ್ನೇ ತೆಗೆದುಕೊಳ್ಳಿ. ಅದು ನಡೆಯುವ ಬನದ ಹುಣ್ಣಿಮೆ 2024ರಲ್ಲಿ ಜನವರಿ 25ಕ್ಕೆ ಬಂತು. 2025ರಲ್ಲಿ ಜನವರಿ 13. 2026ರಲ್ಲಿ ಜನವರಿ 3. ಚಂದ್ರನ ವರ್ಷ ನಮ್ಮ ಕ್ಯಾಲೆಂಡರ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಹಾಗಾಗಿ ಹಿಂದೆ ಹಿಂದೆ ಸರಿಯುತ್ತದೆ. ಹಾಗಾದರೆ 2027ಕ್ಕೆ ಡಿಸೆಂಬರ್‌ಗೆ ಹೋಗಬೇಕಲ್ಲ? ಹೋಗುವುದಿಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಇದೆ, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಆ ತಿಂಗಳು ಸೇರಿದ್ದರಿಂದ 2027ರ ಬನದ ಹುಣ್ಣಿಮೆ ಮತ್ತೆ ಜನವರಿ 22ಕ್ಕೆ ಹೋಗುತ್ತದೆ. ಕಳೆದ ವರ್ಷದ ತಾರೀಖು ನೋಡಿ ಹತ್ತು ದಿನ ಕಳೆದು ಶೆಡ್ಯೂಲ್ ಮಾಡಿದವರ ಲೇಖನ ಜಾತ್ರೆಗೆ ತಿಂಗಳ ಹಿಂದೆಯೇ ಬಂದು ಹೋಗಿರುತ್ತದೆ.

ಬಸವ ಜಯಂತಿಯೂ ಹೀಗೇ. 2024ರಲ್ಲಿ ಮೇ 10, 2025ರಲ್ಲಿ ಏಪ್ರಿಲ್ 30. ತಿಂಗಳೇ ಬದಲಾಯಿತು. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಪಂಚಮಿ, ಸೀಗೆ ಹುಣ್ಣಿಮೆ, ಎಳ್ಳ ಅಮಾವಾಸ್ಯೆ, ಎಲ್ಲವೂ ಚಂದ್ರನ ಹಿಂದೆ ಹೋಗುವಂಥವು. 2026ರಲ್ಲಂತೂ ಜ್ಯೇಷ್ಠ ಎರಡು ಸಲ ಬರುವುದರಿಂದ ಕಾರಹುಣ್ಣಿಮೆ ಜೂನ್ ಕೊನೆಗೆ ಹೋಗುತ್ತದೆ. ಆದ್ದರಿಂದ ಹೊಸ ವರ್ಷದ ಕ್ಯಾಲೆಂಡರ್ ಗೋಡೆಗೆ ಬಂದ ದಿನ ಒಂದು ಗಂಟೆ ಕೂತು, ಆ ವರ್ಷದ ಎಲ್ಲ ತಾರೀಖು ಒಂದು ಹಾಳೆಗೆ ಇಳಿಸಿಕೊಳ್ಳಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮ್ಮ ಮನೆಯಲ್ಲಿ ಈ ಕೆಲಸ ಅವ್ವನದು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲುವುದು, ಯಾವ ದಿನ ಅಂತ ಆಕೆಗೆ ಯಾವ ಆ್ಯಪೂ ಹೇಳಬೇಕಿಲ್ಲ.

ಹಬ್ಬದ ದಿನವೇ ಹಬ್ಬದ ಲೇಖನ ಹಾಕುವುದು ಇನ್ನೊಂದು ರೂಢಿ. ಜಾತ್ರೆಗೆ ಹೋಗುವವರು ಅವತ್ತು ಜಾತ್ರೆಯಲ್ಲಿ ಇರುತ್ತಾರೆ, ನಿಮ್ಮ ಲೇಖನ ಓದುತ್ತಾ ಕೂರುವುದಿಲ್ಲ. ಬಸ್ ಎಲ್ಲಿಂದ, ಉಳಿಯಲು ಎಲ್ಲಿ, ತೇರು ಯಾವ ಹೊತ್ತಿಗೆ ಅಂತ ಅವರು ಹುಡುಕುವುದು ಎರಡು ವಾರ ಮುಂಚೆ. ಆಗಲೇ ಬರಬೇಕು. ಚಳಿಗಾಲದಲ್ಲಿ ಐಹೊಳೆ, ಪಟ್ಟದಕಲ್ಲು ನೋಡಲು ಬರುವವರು ದಸರೆ ಹೊತ್ತಿಗೇ ಯೋಚನೆ ಶುರು ಮಾಡುತ್ತಾರೆ. ಅದರ ಲೇಖನ ಸೆಪ್ಟೆಂಬರಿನಲ್ಲೇ ಬರಲಿ. ಡಿಸೆಂಬರಿನಲ್ಲಿ ಹಾಕಿದರೆ ಅವರು ಆಗಲೇ ಬಂದು ಹೋಗಿರುತ್ತಾರೆ.

ಎಷ್ಟು ದಿನಕ್ಕೊಂದು ಹಾಕಬೇಕು ಅಂತ ಬಹಳ ಜನ ಕೇಳುತ್ತಾರೆ. ನಿಮ್ಮ ಅತ್ಯಂತ ಕೆಟ್ಟ ತಿಂಗಳಲ್ಲೂ ಆಗುವಷ್ಟು. ಹದಿನೈದು ದಿನಕ್ಕೊಂದು ಸಾಕು. ದಿನಕ್ಕೊಂದು ಎಂದು ಶುರು ಮಾಡಿದವರು ಉಳಿದದ್ದು ನಾನು ನೋಡಿಲ್ಲ. ಶುರು ಮಾಡುವ ಮುಂಚೆ ಆರು ಲೇಖನ ಪೂರ್ತಿ ಸಿದ್ಧ ಇರಲಿ. ಪೂರ್ತಿ ಅಂದರೆ ಫೋಟೊ, ಶೀರ್ಷಿಕೆ, ಫೋಟೊದ ಕೆಳಗಿನ ಸಾಲು ಎಲ್ಲ ಸೇರಿ. ಒಂದು ಪ್ರಕಟವಾದ ಮೇಲೆ ಇನ್ನೊಂದು ಬರೆದು ಆ ಸಾಲಿನ ಹಿಂದೆ ಸೇರಿಸಿ. ಬಿಡುವಿಲ್ಲದ ತಿಂಗಳಲ್ಲಿ ಆರು ಮೂರಾಗಬಹುದು, ಬಿಡುವಿನ ತಿಂಗಳಲ್ಲಿ ಮತ್ತೆ ಆರಾಗುತ್ತದೆ. ಮೂರಕ್ಕಿಂತ ಕೆಳಗೆ ಇಳಿದರೆ ಬೇರೆ ಕೆಲಸ ಬದಿಗಿಟ್ಟು ಬರೆಯಿರಿ.

ಇನ್ನು ಯಂತ್ರದ ಕಡೆಗೆ ಬರೋಣ. ಸೈಟು ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ 2003ರಿಂದ ಇದೆ, ನಿಮ್ಮಲ್ಲಿ ಬಹಳಷ್ಟು ಜನ ಅದನ್ನೇ ಬಳಸುತ್ತೀರಿ. ಲೇಖನದ ಬದಿಯಲ್ಲಿ ಪಬ್ಲಿಷ್ ಎಂಬ ಕಡೆ ದಿನಾಂಕ ಒತ್ತಿ ಮುಂದಿನ ತಾರೀಖು ಕೊಟ್ಟರೆ, ಪಬ್ಲಿಷ್ ಬಟನ್ನೇ ಶೆಡ್ಯೂಲ್ ಎಂದು ಬದಲಾಗುತ್ತದೆ. ಅಷ್ಟೇ ಕೆಲಸ. ಬ್ಲಾಗರ್‌ನಲ್ಲೂ ಬದಿಯ ಸೆಟ್ಟಿಂಗ್‌ನಲ್ಲಿ ದಿನಾಂಕ, ಸಮಯ ಕೊಡುವ ಜಾಗ ಇದೆ. ಒಮ್ಮೆ ಕೊಟ್ಟ ಮೇಲೆ ನಿಮ್ಮ ಮನೆಯಲ್ಲಿ ಕರೆಂಟು ಹೋಗಲಿ, ನೆಟ್ ಹೋಗಲಿ, ಚಿಂತೆ ಇಲ್ಲ. ಸರ್ವರ್ ಇರುವುದು ಬೇರೆಲ್ಲೋ.

ಆದರೆ ಮೊದಲು ಟೈಮ್‌ಝೋನ್ ನೋಡಿ. ವರ್ಡ್‌ಪ್ರೆಸ್ ಹೊಸದಾಗಿ ಹಾಕಿದಾಗ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಲೆಕ್ಕಕ್ಕೆ ಹಿಡಿಯುವ ಸಮಯ, ಇರುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನೀವು ಬೆಳಗ್ಗೆ 6 ಅಂತ ಕೊಟ್ಟದ್ದು ಇಲ್ಲಿ 11.30ಕ್ಕೆ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಜನರಲ್ ಎಂಬ ಪುಟಕ್ಕೆ ಹೋಗಿ ಕೋಲ್ಕತ್ತಾ ಎಂದು ಆರಿಸಿ.

ಎರಡನೆಯದು ಬಹಳ ಜನರಿಗೆ ಗೊತ್ತಿಲ್ಲದ್ದು. ವರ್ಡ್‌ಪ್ರೆಸ್ ತಾನಾಗಿ ಗಡಿಯಾರ ನೋಡುತ್ತಾ ಕೂತಿರುವುದಿಲ್ಲ. ಯಾರಾದರೂ ಸೈಟಿಗೆ ಬಂದು ಪುಟ ತೆರೆದಾಗ ಅದು ಎಚ್ಚರಾಗುತ್ತದೆ, ಮಾಡಬೇಕಾದ ಕೆಲಸ ಬಾಕಿ ಇದೆಯೇ ಅಂತ ಆಗ ನೋಡುತ್ತದೆ. ಇದಕ್ಕೆ ಡಬ್ಲ್ಯೂಪಿ-ಕ್ರಾನ್ ಎನ್ನುತ್ತಾರೆ. ದಿನವಿಡೀ ಜನ ಬರುವ ದೊಡ್ಡ ಸೈಟಿಗೆ ಇದರಿಂದ ತೊಂದರೆ ಇಲ್ಲ. ನಮ್ಮಂಥ ಸಣ್ಣ ಸೈಟಿಗೆ ಬೆಳಗ್ಗೆ ಆರಕ್ಕೆ ಯಾರೂ ಬರದಿದ್ದರೆ ಲೇಖನವೂ ಆರಕ್ಕೆ ಬರುವುದಿಲ್ಲ. ಕೆಲವೊಮ್ಮೆ 'ಮಿಸ್ಡ್ ಶೆಡ್ಯೂಲ್' ಅಂತ ತೋರಿಸಿ ಹಾಗೇ ನಿಂತುಬಿಡುತ್ತದೆ. ಪುಟಗಳನ್ನು ಕ್ಯಾಶ್ ಮಾಡಿ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಯನ್ನೇ ಕೊಡುವ ಏರ್ಪಾಡು ಇದ್ದರೆ, ಜನ ಬಂದರೂ ವರ್ಡ್‌ಪ್ರೆಸ್ ಎಚ್ಚರಾಗದೇ ಇರಬಹುದು. ಪರಿಹಾರ ಇದೆ. ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನಲ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್ ಜಾಬ್ಸ್ ಎಂಬ ಜಾಗ ಇರುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಆ ಕ್ರಾನ್ ಫೈಲನ್ನು ಕರೆಯುವಂತೆ ಅಲ್ಲಿ ಹೇಳಿಡಬೇಕು, ವರ್ಡ್‌ಪ್ರೆಸ್‌ನ ಒಳಗಿನದನ್ನು ಕಾನ್ಫಿಗ್ ಫೈಲಿನಲ್ಲಿ ಆಫ್ ಮಾಡಬೇಕು. ನಿಮಗೆ ಬರದಿದ್ದರೆ ಹೋಸ್ಟಿಂಗ್‌ನವರಿಗೆ ಹೇಳಿ, ಮಾಡಿಕೊಡುತ್ತಾರೆ. ಚಿಕ್ಕ ಕೆಲಸ.

ಇಲ್ಲಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಮಾತು. ಪುಟಗಳನ್ನೆಲ್ಲ ಒಮ್ಮೆಗೇ ತಯಾರಿಸಿ ಕೊಡುವ ಹ್ಯೂಗೊ ಎಂಬ ತಂತ್ರಾಂಶ ಬಳಸುವವರು ಮುಂದಿನ ತಾರೀಖು ಹಾಕಿದ ಲೇಖನವನ್ನು ಅದು ಸುಮ್ನೆ ಬಿಟ್ಟುಬಿಡುತ್ತದೆ ಎಂಬುದನ್ನು ನೆನಪಿಡಿ. ಆ ದಿನ ಬಂದ ಮೇಲೆ ಸೈಟನ್ನು ಮತ್ತೆ ಬಿಲ್ಡ್ ಮಾಡಿದರೆ, ಅಂದರೆ ಪುಟಗಳನ್ನು ಹೊಸದಾಗಿ ತಯಾರಿಸಿದರೆ ಮಾತ್ರ ಅದು ಹೊರಗೆ ಬರುತ್ತದೆ. ಅದಕ್ಕೆ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ದಿನಕ್ಕೊಮ್ಮೆ ಬಿಲ್ಡ್ ಇಡಬಹುದು. ಅಲ್ಲೂ ಯುಟಿಸಿಯೇ. ನಮ್ಮ ಬೆಳಗ್ಗೆ 6 ಎಂದರೆ ಅಲ್ಲಿ 0.30. ಪಬ್ಲಿಕ್ ರೆಪೊದಲ್ಲಿ, ಅಂದರೆ ಎಲ್ಲರಿಗೂ ಕಾಣುವ ಫೈಲುಗಳ ಸಂಗ್ರಹದಲ್ಲಿ, 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಆ ಶೆಡ್ಯೂಲನ್ನು ಗಿಟ್‌ಹಬ್ ತಾನೇ ನಿಲ್ಲಿಸುತ್ತದೆ. ಮೂರು ತಿಂಗಳ ಲೇಖನ ಒಮ್ಮೆಗೇ ಹಾಕಿಟ್ಟು ನಿಶ್ಚಿಂತೆಯಿಂದ ಇರುವವರು ಇದನ್ನು ಗಮನಿಸಬೇಕು.

ಮೊದಲೇ ಬರೆದಿಡುವ ಲೇಖನದಲ್ಲಿ ಕೆಲವು ಪದ ಬರಬಾರದು. ಇವತ್ತು, ನಿನ್ನೆ, ಈ ವಾರ, ಇತ್ತೀಚೆಗೆ, ಮೊನ್ನೆ ಸುರಿದ ಮಳೆ. ಬರೆಯುವಾಗ ಸರಿ ಇರುತ್ತವೆ, ಬರುವ ಹೊತ್ತಿಗೆ ಸುಳ್ಳಾಗಿರುತ್ತವೆ. ಪ್ರವೇಶ ಶುಲ್ಕ, ತೆರೆಯುವ ಹೊತ್ತು, ಬಸ್ ಸಮಯ ಇಂಥವನ್ನು ಲೇಖನದ ನಡುವೆ ಹಂಚಬೇಡಿ. ಎಲ್ಲವನ್ನೂ ಕೊನೆಯ ಒಂದು ಪ್ಯಾರಾದಲ್ಲಿ ಇಡಿ. ಪ್ರಕಟವಾಗುವ ಹಿಂದಿನ ದಿನ ಅದೊಂದು ಪ್ಯಾರಾ ಪರಿಶೀಲಿಸಿದರೆ ಸಾಕಾಗುತ್ತದೆ.

ಈಗ ಹೇಳುವುದು ನನಗೆ ಎಲ್ಲಕ್ಕಿಂತ ಮುಖ್ಯ. 2023ರ ಜನವರಿ 2ರ ಸಂಜೆ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದರು. ಈ ಊರು ಆ ದಿನ ಹೇಗಿತ್ತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಮರುದಿನ ಸೈನಿಕ ಶಾಲೆಯ ಮೈದಾನದ ಕಡೆ ಹರಿದು ಬಂದ ಜನವನ್ನು ನೀವೂ ನೋಡಿದ್ದೀರಿ. ಹೊಸ ವರ್ಷದ ಮೊದಲ ವಾರ ಅದು. ಎಷ್ಟೋ ಪುಟಗಳಲ್ಲಿ ಶುಭಾಶಯ, ರಿಯಾಯಿತಿ, ಸಂಕ್ರಾಂತಿ ಸಂಭ್ರಮದ ಬರಹಗಳು ಸಾಲಾಗಿ ಕಾಯುತ್ತಿರುವ ಕಾಲ. ಯಂತ್ರಕ್ಕೆ ಸೂತಕ ಗೊತ್ತಾಗುವುದಿಲ್ಲ. ಅಂಥ ಸುದ್ದಿ ಬಂದ ಕೂಡಲೇ ಮೊದಲು ಮಾಡಬೇಕಾದದ್ದು ಲಾಗಿನ್ ಆಗಿ, ಸಾಲಿನಲ್ಲಿ ಇರುವುದನ್ನೆಲ್ಲ ಡ್ರಾಫ್ಟ್‌ಗೆ ಹಾಕುವುದು. ಎರಡು ನಿಮಿಷದ ಕೆಲಸ. ಅದಕ್ಕಾಗಿ ಇಬ್ಬರ ಹತ್ತಿರವಾದರೂ ಲಾಗಿನ್ ಇರಬೇಕು. ಒಬ್ಬರು ಪ್ರಯಾಣದಲ್ಲಿ ಇದ್ದರೆ ಇನ್ನೊಬ್ಬರು ನಿಲ್ಲಿಸಬಹುದು. ಒಂದೇ ಪಾಸ್‌ವರ್ಡ್ ಹಂಚಿಕೊಳ್ಳಬೇಡಿ, ಇಬ್ಬರಿಗೂ ಬೇರೆ ಬೇರೆ ಖಾತೆ ಮಾಡಿ. ಮುಂದೆ ಯಾವ ದಿನ ಯಾವುದು ಬರಲಿದೆ ಎಂಬ ಪಟ್ಟಿ ಇಬ್ಬರ ಫೋನಿನಲ್ಲೂ ಇರಲಿ. ಶೆಡ್ಯೂಲ್ ಮಾಡಿ ಮರೆತುಬಿಡಿ ಅಂತ ಕೆಲವರು ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ.

ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಶಿಕ್ಷಕಿಯೊಬ್ಬರು ಕೇಳಿದರು: "ಮುಂದಿನ ತಾರೀಖು ಹಾಕಬಹುದು ಅಂದ್ರಿ. ಹಳೇ ಲೇಖನಕ್ಕೆ ಇವತ್ತಿನ ತಾರೀಖು ಹಾಕಿದ್ರೆ ಸೈಟು ಹೊಸದಾಗಿ ಕಾಣ್ತದಲ್ರಿ ಸರ್?"

ಕಾಣುತ್ತದೆ, ಆದರೆ ಮಾಡಬೇಡಿ. ಒಳಗೆ ಏನೂ ಬದಲಾಯಿಸದೆ ತಾರೀಖು ಮಾತ್ರ ಬದಲಿಸುವುದನ್ನು ಗೂಗಲ್ ಕೂಡ ತನ್ನ ಸೂಚನೆಗಳಲ್ಲಿ ಬೇಡ ಎನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದು ಓದುವವರಿಗೆ ಹೇಳುವ ಸುಳ್ಳು. ನಿಮ್ಮ ಶಾಲೆಯ ಪ್ರವೇಶದ ಪುಟ ಅಂತ ಇಟ್ಟುಕೊಳ್ಳಿ. ಹೋದ ವರ್ಷದ ಮಾಹಿತಿಗೆ ಈ ವರ್ಷದ ತಾರೀಖು ಇದ್ದರೆ ಪಾಲಕರು ಅದನ್ನೇ ನಂಬಿ ಬರುತ್ತಾರೆ. ನಿಜವಾಗಿ ತಿದ್ದಿ, ಆಮೇಲೆ ಯಾವಾಗ ತಿದ್ದಿದಿರಿ ಅಂತ ಬರೆಯಿರಿ. ಹೊಸ ಬರಹ ಇಲ್ಲದ ತಿಂಗಳಲ್ಲಿ ಹಳೆಯದನ್ನು ಹೀಗೆ ತಿದ್ದುವುದೂ ಸೈಟನ್ನು ಜೀವಂತ ಇಡುವ ಕೆಲಸವೇ. ಊರಿನ ಹೆಸರು ಹಳೆಯದೇ ಇರುವ ಲೇಖನಗಳು ಇನ್ನೂ ಎಷ್ಟೋ ಇವೆ. ಅವನ್ನು ವಿಜಯಪುರ ಎಂದು ತಿದ್ದಿ, ಬಿಜಾಪುರ ಎಂಬ ಹೆಸರನ್ನೂ ಒಂದು ಕಡೆ ಉಳಿಸಿ. ಹೊರಗಿನವರು ಈಗಲೂ ಆ ಹೆಸರಿನಿಂದಲೇ ಹುಡುಕುತ್ತಾರೆ.

ಎರಡನೆಯದು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರದು (ಚಾಟ್ನಿ ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ): "ನಾ ಒಬ್ಬನೇ ಅದೀನಿ ಸರ್. ಚಾಟ್ನಿ ಹೊತ್ತಿನ್ಯಾಗ ಫೋನ್ ನೋಡಾಕೂ ಆಗಂಗಿಲ್ಲ. ಯಾವಾಗ ಬರೀಲಿ?"

ನಿಮ್ಮ ಬೆಳೆಯೇ ನಿಮಗೆ ಕ್ಯಾಲೆಂಡರ್ ಕೊಟ್ಟಿದೆ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು ಮತ್ತು ಹಣ್ಣು ಒಣಗಿಸುವ ಶೆಡ್ಡಿನ ಕೆಲಸ. ಈ ತಿಂಗಳುಗಳಲ್ಲಿ ಒಂದಕ್ಷರವೂ ಬರೆಯಬೇಡಿ. ಮಳೆಗಾಲದಲ್ಲಿ ಸ್ವಲ್ಪ ಬಿಡುವು ಸಿಗುತ್ತದಲ್ಲ, ಆಗ ನಾಲ್ಕು ಲೇಖನ ಬರೆಯಿರಿ. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಯಾಕೆ ಅದ್ದುತ್ತೀರಿ, ನೆರಳಿನಲ್ಲಿ ಒಣಗಿಸಿದರೆ ಬಣ್ಣ ಹೇಗೆ ಉಳಿಯುತ್ತದೆ, ಕಾಳನ್ನು ಹೇಗೆ ವಿಂಗಡಿಸುತ್ತೀರಿ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟ ಮಾಲು ಹೇಗಿರುತ್ತದೆ. ಕೊಳ್ಳುವವರು ಕೇಳುವ ಪ್ರಶ್ನೆಗಳು ಇವೇ ತಾನೇ? ಜನವರಿಯಿಂದ ಏಪ್ರಿಲ್‌ವರೆಗೆ ತಿಂಗಳಿಗೊಂದರಂತೆ ತಾರೀಖು ಕೊಟ್ಟುಬಿಡಿ. ದರ ಮಾತ್ರ ಲೇಖನದಲ್ಲಿ ಹಾಕಬೇಡಿ, ಫೋನ್ ನಂಬರ್ ಕೊಡಿ.

ಫೋಟೊ ಮಾತ್ರ ಮಳೆಗಾಲದಲ್ಲಿ ಸಿಗುವುದಿಲ್ಲ. ಆಗ ಶೆಡ್ಡಿನ ಬಲೆಗಳು ಖಾಲಿ. ಅದನ್ನು ಒಂದು ವರ್ಷ ಮುಂಚೆಯೇ ತೆಗೆದಿಡಬೇಕು. ಬರುವ ಫೆಬ್ರವರಿಯಲ್ಲಿ ಹಣ್ಣು ಬಲೆಗೆ ಬಿದ್ದ ದಿನ ಒಂದು, ಅರ್ಧ ಒಣಗಿದಾಗ ಒಂದು, ಕಾಳು ಉದುರಿಸುವಾಗ ಒಂದು. ಬರೆಯಲು ಹೊತ್ತಿಲ್ಲದಿದ್ದರೂ ಕೆಲಸದ ನಡುವೆ ಇಷ್ಟು ಆಗುತ್ತದೆ. ತೆಗೆದವನ್ನು ಫೋನಿನಲ್ಲಿ ಬೇರೆ ಫೋಲ್ಡರ್ ಮಾಡಿ ಇಟ್ಟುಕೊಳ್ಳಿ, ಜುಲೈನಲ್ಲಿ ಬರೆಯಲು ಕೂತಾಗ ಅದನ್ನು ತೆರೆಯಿರಿ.